ಜಾತ್ರೆಯ ಬಂಡಿಯ ಗೋಡೆಗೆ ದೂರದರ್ಶನ

ಮಾಘ ಮಾಸ ಬಂದಿತೆಂದರೆ ಹರಪನಹಳ್ಳಿ ಸೀಮೆಯ ಒಕ್ಕಲು ಮನೆತನಗಳಲ್ಲಿ ಎರಡು ಕಾರ್ಯಗಳು ಏಕಕಾಲಕ್ಕೆ ಆರಂಭವಾಗುತ್ತವೆ. ಒಳಗೆ ತಾಯಂದಿರು ಸಜ್ಜೆಯ ರೊಟ್ಟಿ ಬಡಿದು ಒಣಗಿಸಿ, ಶೇಂಗಾ ಚಟ್ನಿ ಕುಟ್ಟಿ ಬುತ್ತಿಯ ಸಿದ್ಧತೆಗೆ ತೊಡಗುತ್ತಾರೆ. ಹೊರಗೆ ಗಂಡಸರು ಬಂಡಿಯ ಗಾಲಿಗಳನ್ನು ಪರೀಕ್ಷಿಸುತ್ತಾರೆ. ಭರತ ಹುಣ್ಣಿಮೆಯ ಸುಮಾರಿಗೆ ಮೈಲಾರದ ಕಾರ್ಣಿಕ, ಬಹುಳ ದಶಮಿಗೆ ಕೊಟ್ಟೂರು ಶ್ರೀ ಗುರುಬಸವೇಶ್ವರರ ರಥೋತ್ಸವ, ಶಿವರಾತ್ರಿಯ ಬೆನ್ನಿಗೆ ಹೊಳೆಯ ದಂಡೆಯ ಕುರುವತ್ತಿಯ ಜಾತ್ರೆ. ಒಂದು ತಿಂಗಳ ಅವಧಿಯಲ್ಲಿ ಮೂರು ಪಯಣ. ಹೀಗೆ ಹೊರಟವರಿಗೆ ಬಂಡಿಯೇ ಮನೆ, ಬಂಡಿಯೇ ಅಡುಗೆಮನೆ, ಬಂಡಿಯೇ ಶಿವಪೂಜೆಯ ಸ್ಥಳ.

ನನ್ನ ಬಾಲ್ಯದಲ್ಲಿ ಅದು ಕೊಲ್ಲಾರಿ ಬಂಡಿಯಾಗಿತ್ತು. ಬಿದಿರ ಕಮಾನು, ಮೇಲೊಂದು ತಟ್ಟಿ, ಕೆಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ. ಕಂದೀಲನ್ನು ಕಮಾನಿಗೆ ಹಗ್ಗದಿಂದ ತೂಗುಬಿಡುತ್ತಿದ್ದರೇ ಹೊರತು ಯಾರೂ ಮೊಳೆ ಹೊಡೆದು ಬಿಗಿಯುತ್ತಿರಲಿಲ್ಲ. ಆ ಮೇಲೆ ಟ್ರ್ಯಾಕ್ಟರು ಬಂದಿತು, ಅದರ ಟ್ರೇಲರಿಗೆ ತಾಡಪತ್ರಿಯ ಚಪ್ಪರ ಬಂದಿತು. ಸರಕಿನ ಟ್ರೇಲರಿನಲ್ಲಿ ಜನರನ್ನು ಕೂರಿಸಿ ಸಾಗುವುದು ಕಾನೂನಿಗೂ ಒಪ್ಪುವುದಿಲ್ಲ, ವಿವೇಕಕ್ಕೂ ಒಪ್ಪುವುದಿಲ್ಲ. ಆದರೂ ಜಾತ್ರೆಯ ಉತ್ಸಾಹದಲ್ಲಿ ಅದನ್ನು ಯಾರು ಲಕ್ಷಿಸುತ್ತಾರೆ! ಪಾಶ್ಚಾತ್ಯರು ಇದೇ ಬಗೆಯ ಬಂಡಿಯನ್ನು ಮುಚ್ಚಿದ ಕೋಣೆಯಾಗಿ ಕಟ್ಟಿ, ಕಾರಿನ ಹಿಂದೆ ಎಳೆದುಕೊಂಡು ಊರೂರು ತಿರುಗುತ್ತಾರೆ. ಕ್ಯಾಂಪರ್ ಟ್ರೇಲರ್ ಎಂದು ಅದಕ್ಕೆ ಹೆಸರು. ನಮ್ಮ ತಾಲ್ಲೂಕಾದರೂ ಏನು ಕಡಿಮೆ? 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಪಯಣಿಸಿದೆ.

ನಮಗೆ ಪರಿಚಿತವಾದ ಒಂದು ಸದ್ಭಕ್ತ ಮನೆತನದಲ್ಲಿ ಇಂತಹ ಬಂಡಿಯೊಂದು ಸಿದ್ಧವಾಯಿತು. ಅದರ ಕಾರಣ ವಿಲಾಸವಲ್ಲ. ಎಂಬತ್ತು ದಾಟಿದ ಆ ಮನೆಯ ಹಿರಿಯ ತಾಯಿ ಮದುವೆಯಾಗಿ ಬಂದಂದಿನಿಂದ ಕೊಟ್ಟೂರ ತೇರನ್ನು ತಪ್ಪಿಸಿದವರಲ್ಲ. ಒಮ್ಮೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಎದ್ದು ನಿಲ್ಲಲಾರರು, ಲಕ್ಷೋಪಲಕ್ಷ ಜನರ ನಡುವೆ ಕುರ್ಚಿಯಲ್ಲಿ ಕೂತಿರಲಂತೂ ಆಗದು. ಮೊಮ್ಮಗನು ಹಳೆಯ ಮುಚ್ಚುಬಂಡಿಯೊಂದನ್ನು ಕೊಂಡು ಒಳಗೆ ಮಂಚ, ನೀರಿನ ಪೀಪಾಯಿ, ಒಲೆಗಳನ್ನು ಅಳವಡಿಸಿದನು. ತೇರಿನ ಬೀದಿಯಲ್ಲಿ ನಿಂತ ತಮ್ಮನ ಫೋನಿನಿಂದ ಬರುವ ಚಿತ್ರ ಬಂಡಿಯೊಳಗಿನ ಗೋಡೆಯ ಟಿ.ವಿ.ಯಲ್ಲಿ ಮೂಡಬೇಕು, ಅಜ್ಜಿ ಮಲಗಿದಲ್ಲಿಯೇ ತೇರು ಕಾಣಬೇಕು. ಇದು ಅವನ ಸಂಕಲ್ಪ.

ನನ್ನ ಅಭಿಪ್ರಾಯ ಕೇಳಲು ಬಂದನು. ಮಠದ ಅನ್ನ ಉಂಡು ಶಾಸ್ತ್ರ ಓದಿದ ನನಗೆ ಆ ಯಂತ್ರದ ಮೇಲೆ ಹಳೆಯ ಮುನಿಸು. 1975-76ರಲ್ಲಿ ಉಪಗ್ರಹದ ಮೂಲಕ ರಾಯಚೂರು, ಬಿಜಾಪುರ, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗಳಿಗೆ ದೂರದರ್ಶನ ಬಂದಾಗ ಅದು ಬೇಸಾಯ, ಆರೋಗ್ಯಗಳ ಪಾಠ ಹೇಳುವ ಊರೊಟ್ಟಿನ ಪೆಟ್ಟಿಗೆಯಾಗಿತ್ತು. 1987ರಲ್ಲಿ ರಾಮಾಯಣ ಧಾರಾವಾಹಿ ಆರಂಭವಾದಾಗ ಅದೇ ಪೆಟ್ಟಿಗೆಗೆ ಹೂಮಾಲೆ ಹಾಕಿ ಊದುಬತ್ತಿ ಬೆಳಗಿದವರುಂಟು. ಕೊನೆಗೆ ಅದು ಮನೆಯ ಪಡಸಾಲೆಯ ಗೋಡೆಯನ್ನೇ ಆಕ್ರಮಿಸಿತು. ಆದ್ದರಿಂದ ನಾನು ತುಸು ಗಡುಸಾಗಿಯೇ ಹೇಳಿದೆ: “ಅಜ್ಜಿ ಲಿಂಗಪೂಜೆಗೆ ಕೂರುವಾಗ ಎದುರಿಗೆ ಕಾಣುವ ಗೋಡೆಗೆ ಅದು ಬೇಡ. ಹಿಂಬದಿಯ ಗೋಡೆಗೆ ಹಾಕು.” ಹುಡುಗನು ವಿಧೇಯನು, ಹಾಗೆಯೇ ಮಾಡಿಸಿದನು. ಪಟ್ಟಣದ ಒಂದು ಕಾರ್ಖಾನೆಯವರು ತಗಡಿಗೆ ನಾಲ್ಕು ತಿರುಪು ತಿರುಗಿಸಿ ಕೆಲಸ ಮುಗಿಸಿದರು.

ಕೊಟ್ಟೂರಿನ ಹಾದಿ ಅರ್ಧವೂ ಸಾಗಿರಲಿಲ್ಲ. ರಸ್ತೆಯ ಉಬ್ಬೊಂದನ್ನು ದಾಟುವಾಗ ಒಳಗೆ ಸದ್ದಾಯಿತು. ನಿಲ್ಲಿಸಿ ನೋಡಿದರೆ ತಿರುಪುಗಳು ತಗಡನ್ನು ಹರಿದುಕೊಂಡು ಹೊರಬಂದಿವೆ, ಟಿ.ವಿ. ಮಂಚದ ತಲೆದಿಂಬಿನ ಮೇಲೆ ಬಿದ್ದು ಗಾಜು ಸಿಡಿದಿದೆ. ಅಜ್ಜಿಯನ್ನು ಎಳೆಯುವ ಜೀಪಿನ ಮುಂದಿನ ಆಸನದಲ್ಲಿ ಕೂರಿಸಿದ್ದರು. ಶಿವನ ಕೃಪೆ ಎನ್ನುವುದಕ್ಕಿಂತ, ಓಡುವ ಬಂಡಿಯಲ್ಲಿ ಯಾರೂ ಇರಕೂಡದೆಂದು ಹಟ ಹಿಡಿದ ಮೊಮ್ಮಗನ ವಿವೇಕ ಎನ್ನಬೇಕು. ಆ ವರ್ಷ ಅವರು ಅಲ್ಲಿಂದಲೇ ಮನೆಗೆ ಮರಳಿದರು. ಅಜ್ಜಿ ತೇರು ಕಾಣಲಿಲ್ಲ.

ಕಾರ್ಖಾನೆಯವರ ತಪ್ಪು ಸ್ಪಷ್ಟವೇ. ಆದರೆ ನನ್ನದೂ ಒಂದು ಪಾಲಿತ್ತೆಂಬುದನ್ನು ನನಗೆ ತಿಳಿಸಿದವರು, ಜೀವಮಾನವೆಲ್ಲ ಎತ್ತಿನ ಬಂಡಿ ಮಾಡಿದ ಒಬ್ಬ ವೃದ್ಧ ಬಡಿಗರು. ಅವರು ಬಂಡಿಯನ್ನು ಒಂದು ಸುತ್ತು ನೋಡಿ, “ಇದನ್ನು ಹಿಂದಕ್ಕೆ ಹಾಕಲು ಹೇಳಿದವರು ಯಾರು?” ಎಂದು ಕೇಳಿದರು. ನಾನು ಅಲ್ಲಿಯೇ ನಿಂತಿದ್ದೆ.

ಅವರ ವಿವರಣೆ ಹೀಗಿತ್ತು. ಬಂಡಿಯಲ್ಲಿ ಅತ್ಯಂತ ಕಡಿಮೆ ಕುಲುಕುವ ಸ್ಥಳ ಅಚ್ಚಿನ ನೆತ್ತಿ. ಅಚ್ಚಿನಿಂದ ಹಿಂದಕ್ಕೆ ಹೋದಷ್ಟೂ ಎತ್ತಿ ಒಗೆಯುವ ಪೆಟ್ಟು ಹೆಚ್ಚು. ಅಷ್ಟೇ ಅಲ್ಲದೆ ಹಿಂಭಾರ ಸಲ್ಲದು. ಎತ್ತಿನ ಬಂಡಿಯಲ್ಲಿ ಹಿಂಭಾರವಾದರೆ ನೊಗ ಮೇಲೆದ್ದು ಜತ್ತಿಗೆ ಎತ್ತಿನ ಕೊರಳನ್ನು ಒತ್ತುತ್ತದೆ. ಜೀಪಿನ ಹಿಂದಿನ ಬಂಡಿಯಲ್ಲಿ ಹಿಂಭಾರವಾದರೆ ಅದು ಹಾವಿನಂತೆ ಅತ್ತಿತ್ತ ಹೊರಳುತ್ತದೆ. ತೂಕ ಅಚ್ಚಿನ ಮೇಲೆ ಮತ್ತು ತುಸು ಮುಂದಕ್ಕೆ, ಅದೂ ಆದಷ್ಟು ಕೆಳಗೆ ಇರಬೇಕು. 2017ರ ಫೆಬ್ರುವರಿ 21ರಂದು ಕೊಟ್ಟೂರಿನ ತೇರು ಬೀದಿಯಲ್ಲಿಯೇ ಉರುಳಿಬಿದ್ದುದನ್ನು ಕಂಡವರಿಗೆ, ಎತ್ತರದ ಭಾರವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಗೋಡೆಯ ವಿಷಯಕ್ಕೆ ಬಂದರೆ, ಮುಚ್ಚುಬಂಡಿಯ ಗೋಡೆ ಮನೆಯ ಗೋಡೆಯಲ್ಲ. ಅದು ಬರಿಯ ಚರ್ಮ. ಅದರ ಬೆನ್ನಿಗೆ ಎಲುಬುಗಳುಂಟು, ಅಂದರೆ ಒಂದೂವರೆ ಎರಡು ಅಡಿಗೊಂದರಂತೆ ನಿಲ್ಲಿಸಿದ ಕಬ್ಬಿಣದ ಪಟ್ಟಿಗಳು. ಬಡಿಗರು ಗೋಡೆಯನ್ನು ಬೆರಳಿನಿಂದ ತಟ್ಟಿ, ಸದ್ದು ಗಟ್ಟಿಯಾದಲ್ಲಿ ಸುಣ್ಣದ ಗುರುತು ಮಾಡಿದರು. ಎರಡು ಎಲುಬುಗಳಿಗೆ ಅಡ್ಡಲಾಗಿ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯನ್ನು ಕೂರಿಸಿ, ತಿರುಪಿನ ಬದಲು ಕಬ್ಬಿಣವನ್ನು ತೂರಿ ಹೋಗುವ ಬೋಲ್ಟು ಹಾಕಿ, ಹಿಂಬದಿಗೆ ಅಗಲವಾದ ವಾಷರು ಕೊಟ್ಟು, ಕುಲುಕಿಗೆ ಸಡಿಲವಾಗದ ನೈಲಾನ್ ಉಂಗುರದ ನಟ್ಟಿನಿಂದ ಬಿಗಿದರು. ಹಲಗೆಗೂ ಕಬ್ಬಿಣದ ತೋಳಿಗೂ ನಡುವೆ ಹಳೆಯ ಟ್ಯೂಬಿನ ರಬ್ಬರು. ತೋಳನ್ನು ಕುರಿತು ಅವರು ಕೊಟ್ಟ ಉಪಮೆ ಏತದ್ದು: ಚಾಚಿದಷ್ಟೂ ತುದಿಯ ಭಾರ ಬುಡವನ್ನು ಕೀಳುತ್ತದೆ. ಆದ್ದರಿಂದ ಗಿಡ್ಡ ತೋಳು ಲೇಸು. ಓಡುವಾಗ ಅದನ್ನು ಗೋಡೆಗೆ ಮಡಿಸಿ ಕೀಲಿ ಹಾಕಬೇಕು.

ಹೊಸ ಯಂತ್ರ 24 ಅಂಗುಲದ್ದು, ತೂಕ ಮೂರು ನಾಲ್ಕು ಕಿಲೋಗ್ರಾಂ. ಹಳೆಯ ಕಾಲದ 21 ಅಂಗುಲದ ಗಾಜಿನ ಬುರುಡೆಯ ಪೆಟ್ಟಿಗೆಯಾದರೆ ಇಪ್ಪತ್ತು ಕಿಲೋ ಮೀರುತ್ತಿತ್ತು. ಅದನ್ನು ಬಂಡಿಯ ಗೋಡೆಗೆ ತೂಗುಹಾಕುವ ಮಾತೇ ಇರಲಿಲ್ಲ. ಬೆನ್ನಿನ ರಂಧ್ರಗಳಿಗೆ ಹಾಕುವ ತಿರುಪು ತಯಾರಕರು ಹೇಳಿದ ಉದ್ದದ್ದೇ ಇರಬೇಕು, ಮೀರಿದರೆ ಒಳಗಿನ ಫಲಕವನ್ನು ಚುಚ್ಚುತ್ತದೆ. ವಿದ್ಯುತ್ತಿಗೆ 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿ ಇಟ್ಟರು. ಅದರ ಅರ್ಧವನ್ನಷ್ಟೇ ಬಳಸಿದರೂ, ಸುಮಾರು ನಲವತ್ತು ವ್ಯಾಟಿನ ಯಂತ್ರ ಹತ್ತು ಹನ್ನೆರಡು ಗಂಟೆ ನಡೆಯುತ್ತದೆ. ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸು ಇರಲೇಬೇಕು. ಹಾಸಿಗೆ, ಹುಲ್ಲು, ಒಲೆ ಇರುವ ಬಂಡಿಯಲ್ಲಿ ತಂತಿ ಕಾದರೆ ಅನಾಹುತ. ಡಿಶ್ ಬುಟ್ಟಿಯನ್ನೂ ತಂದಿದ್ದರು. ದೂರದರ್ಶನದ ಉಚಿತ ಡಿಶ್ ಸೇವೆಗೆ ನಮ್ಮ ಸೀಮೆಯಲ್ಲಿ ಅದನ್ನು ಆಗ್ನೇಯಕ್ಕೆ, ಆಕಾಶದ ಎತ್ತರಕ್ಕೆ ಮುಖಮಾಡಿಸಬೇಕು. ಬಂಡಿ ಒಂದು ಮೊಳ ತಿರುಗಿದರೂ ಚಿತ್ರ ಹೋಗುತ್ತದೆಯಾದ್ದರಿಂದ ಬೀಡುಬಿಟ್ಟ ಮೇಲೆಯೇ ಆ ಕೆಲಸ.

ಉಳಿದದ್ದು ನನ್ನ ಆಕ್ಷೇಪ. ಅಚ್ಚಿನ ನೆತ್ತಿಗೆ ಬರುವ ಗೋಡೆಯೇ ಅಜ್ಜಿಯ ಪೂಜೆಯ ಎದುರುಗೋಡೆ. ನಾನು ಸಂಕೋಚದಿಂದ ಆ ಮಾತೆತ್ತಿದೆ. ಮಂಚದ ಮೇಲೆ ಒರಗಿದ್ದ ಆ ತಾಯಿ ನಕ್ಕು, “ಪೂಜೆಗೆ ಕೂತಾಗ ನಾನು ಅಂಗೈ ನೋಡ್ತೀನೋ, ಗೋಡೆ ನೋಡ್ತೀನೋ?” ಎಂದರು. ಎಡ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸುವ ಸಾಧನೆಯನ್ನು ಕುರಿತು ನಲವತ್ತು ವರ್ಷ ಪ್ರವಚನ ಮಾಡಿದವನು ನಾನು! ಆದರೂ ಪೂಜೆಯ ಹೊತ್ತಿಗೆ ಯಂತ್ರದ ಮೇಲೊಂದು ಖಾದಿ ವಸ್ತ್ರವನ್ನು ಹೊದಿಸಬೇಕೆಂದು ಹೇಳಿದೆ. ಮೊಮ್ಮಗನು ಒಪ್ಪಿದನು, ಧೂಳಿಗೂ ಒಳ್ಳೆಯದೆಂದನು.

ಮರುವರ್ಷ ಕೊಟ್ಟೂರಿನ ಹೊರವಲಯದ ಹೊಲವೊಂದರಲ್ಲಿ ಬಂಡಿ ನಿಂತಿತು. ಮಂಚದ ಮೇಲೆ ಒರಗಿದವರ ಕಣ್ಣಿಗೆ ಸಮವಾಗುವಂತೆ, ನೆಲದಿಂದ ಮೂರಡಿ ಎತ್ತರಕ್ಕೆ ಯಂತ್ರವಿತ್ತು. ಸಂಜೆ ಮೂಲಾ ನಕ್ಷತ್ರದ ವೇಳೆಗೆ ತಮ್ಮನ ಫೋನಿನಿಂದ ಚಿತ್ರ ಬರತೊಡಗಿತು. ಕಳಸ, ಪತಾಕೆ, ಜನಸಾಗರ. ತೇರು ಕದಲುವ ಕ್ಷಣದಲ್ಲಿ ಚಿತ್ರ ಕಲ್ಲಿನಂತೆ ನಿಂತುಬಿಟ್ಟಿತು. ಅಷ್ಟು ಜನರ ಫೋನುಗಳ ನಡುವೆ ಸಂಪರ್ಕ ಸಿಕ್ಕುವುದಾದರೂ ಹೇಗೆ? ಮೊಮ್ಮಗನು ಗುಂಡಿಗಳನ್ನು ಒತ್ತುತ್ತ ಬೆವರಿದನು. ಅಷ್ಟರಲ್ಲಿ ಊರ ಕಡೆಯಿಂದ ಜಯಘೋಷ ಅಲೆಯಾಗಿ ಬಂದಿತು, ಸಮಾಳದ ಸದ್ದು ಬಂದಿತು. ಅಜ್ಜಿ, “ಅದು ಇರಲಿ, ಬಾಗಿಲು ತೆಗಿ” ಎಂದರು. ಬಾಗಿಲು ತೆರೆದರು. ಆ ತಾಯಿ ಮಲಗಿದಲ್ಲಿಂದಲೇ ಕೈಜೋಡಿಸಿ ಸದ್ದು ಬಂದ ದಿಕ್ಕಿಗೆ ಬಾಳೆಹಣ್ಣೊಂದನ್ನು ಎಸೆದರು. ಅದು ಹೊಲದ ಬದುವಿನಲ್ಲಿ ಬಿದ್ದಿತು.

ತಮ್ಮನು ರಾತ್ರಿ ಮರಳಿ ಫೋನಿನಲ್ಲಿ ಹಿಡಿದಿಟ್ಟಿದ್ದ ಚಿತ್ರವನ್ನು ಗೋಡೆಯ ಮೇಲೆ ತೋರಿಸಿದನು. ಅಜ್ಜಿ ಮೂರು ಸಲ ನೋಡಿದರು. ಮೂರನೆಯ ಸಲ ತೇರಿನ ಗಾಲಿಯ ಬಳಿಯ ಜನರಲ್ಲಿ ತವರಿನವರಾರೋ ಕಂಡರೆಂದು ನಿಲ್ಲಿಸಲು ಹೇಳಿ, ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ದಿಟ್ಟಿಸಿದರು. ಮರುದಿನ ಬೆಳಿಗ್ಗೆ ಯಂತ್ರವನ್ನು ತೋಳಿನಿಂದ ಕಳಚಿ, ಕೌದಿಯಲ್ಲಿ ಸುತ್ತಿ ಮಂಚದ ಕೆಳಗಿಟ್ಟು, ಅಜ್ಜಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಕುರುವತ್ತಿಯ ಹಾದಿ ಹಿಡಿದರು.