ಹಿತ್ತಲ ಮೂಲೆಯ ನಾಯಿಗುಂಡಿ

ಮೈಸೂರಿನ ಕುವೆಂಪುನಗರದ ಈ ಮನೆಯ ಹಿತ್ತಲಿಗೆ ಪಕ್ಕದ ಓಣಿಯಿಂದ ದಾರಿ. ಮೊದಲು ಬಟ್ಟೆ ಒಗೆಯುವ ಕಲ್ಲು, ಆಮೇಲೆ ಕರಿಬೇವಿನ ಗಿಡ, ಅದರ ನೆರಳಲ್ಲಿ ಒಂದು ಮುಧೋಳ ನಾಯಿ ಮತ್ತು ಬೀದಿಯಿಂದ ಬಂದು ಸೇರಿಕೊಂಡ ಇನ್ನೊಂದು ಕಂದು ನಾಯಿ. ಎರಡು ನಾಯಿಗಳ ಹಿತ್ತಲು, ಆದರೂ ಮೂಗು ಮುಚ್ಚಿಕೊಳ್ಳುವ ಪ್ರಮೇಯ ಬರಲಿಲ್ಲ. ಅದರ ಗುಟ್ಟು ಹಿಂದಿನ ಕಾಂಪೌಂಡಿನ ಮೂಲೆಯಲ್ಲಿದೆ: ನೆಲದಿಂದ ಎರಡು ಇಂಚು ಮೇಲೆದ್ದ ನೀಲಿ ಡ್ರಮ್ಮಿನ ಬಾಯಿ, ಅದಕ್ಕೊಂದು ಮುಚ್ಚಳ, ಮುಚ್ಚಳದ ಮೇಲೊಂದು ಇಟ್ಟಿಗೆ.

ಅಮೆರಿಕದಲ್ಲಿ ಡಾಗಿ ಡೂಲಿ ಎಂಬ ಹೆಸರಲ್ಲಿ ನಾಯಿಯ ಮಲ ಕೊಳೆಸುವ ಇಂಥದ್ದು ಸಿದ್ಧವಾಗಿಯೇ ಸಿಗುತ್ತದೆ. ಇದು ಮನೆಯಲ್ಲೇ ಮಾಡಿಕೊಂಡದ್ದು. ಡ್ರಮ್ಮಿನ ತಳ ಕತ್ತರಿಸಿ, ಸುತ್ತ ಡ್ರಿಲ್ಲಿನಿಂದ ತೂತು ಕೊರೆದು, ಮೂರಡಿ ಗುಂಡಿಗೆ ಅರ್ಧ ಅಡಿ ಜಲ್ಲಿ ಹಾಸಿ ಇಳಿಸಿದ್ದಾರೆ. ಬಾಯಿ ಎತ್ತರಕ್ಕಿರುವುದು ಮಳೆನೀರು ಹರಿದು ಒಳಗೆ ನುಗ್ಗದಿರಲೆಂದು.

ಮನೆಯೊಡತಿ ಇಟ್ಟಿಗೆ ಸರಿಸಿ ಮುಚ್ಚಳ ತೆಗೆದರು. ಒಳಗೆ ಕಪ್ಪು ರಾಡಿ, ಮೇಲೆ ತೇಲುವ ಒಂದಿಷ್ಟು ಕೂದಲು, ಹಸಿಮಣ್ಣಿನ ವಾಸನೆ. ಬೆಳಗಿನದನ್ನು ಸಲಿಕೆಯಲ್ಲೆತ್ತಿ ಹಾಕಿದರು, ಅರ್ಧ ಬಕೆಟ್ ನೀರು ಸುರಿದರು. ಆಗಾಗ ಸೆಪ್ಟಿಕ್ ಟ್ಯಾಂಕಿಗೆಂದು ಮಾರುವ ಬ್ಯಾಕ್ಟೀರಿಯಾ ಪುಡಿಯನ್ನೂ ಹಾಕುತ್ತಾರಂತೆ. "ಒಂದೇ ಕಟ್ಟುನಿಟ್ಟು ಸಾರ್, ಈ ಕಡೆ ಫಿನಾಯಿಲ್ ತರೋ ಹಾಗಿಲ್ಲ. ಕೆಲಸದವಳಿಗೂ ಹೇಳಿಬಿಟ್ಟಿದೀನಿ" ಎಂದರು. ಫಿನಾಯಿಲ್ ಬಿದ್ದರೆ ಕೊಳೆಸುವ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಗುಂಡಿ ಬರೀ ಹೊಂಡವಾಗಿ ಉಳಿಯುತ್ತದೆ. ಪ್ಲಾಸ್ಟಿಕ್ ಕವರ್‌ಗೂ ಇಲ್ಲಿ ಪ್ರವೇಶವಿಲ್ಲ.

ಬ್ಯಾಕ್ಟೀರಿಯಾ ಘನವನ್ನು ಕರಗಿಸುತ್ತದೆ, ನೀರು ಮಣ್ಣಿಗೆ ಇಂಗುತ್ತದೆ. ಹಾಗಾಗಿ ಅರ್ಧ ಕೆಲಸ ಮಣ್ಣಿನದೇ. ಇಲ್ಲಿನದು ಕೆಂಪು ಮಣ್ಣು. ಡ್ರಮ್ ಹೂಳುವ ಮೊದಲು ಗುಂಡಿಗೆ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ ನೋಡಿದ್ದಾರೆ. ಎರಡನೆಯ ಸಲದ್ದೂ ಸಂಜೆಯೊಳಗೆ ಇಳಿದಿದೆ. ಜೇಡಿ ಅಥವಾ ಎರೆಮಣ್ಣಿನ ಹಿತ್ತಲಲ್ಲಿ ನೀರು ನಿಂತುಬಿಡುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರುವ ಕರಾವಳಿಯ ಅಂಗಳಗಳಿಗೂ ಇದು ಹೇಳಿಮಾಡಿಸಿದ್ದಲ್ಲ. ಬಾವಿ, ಬೋರ್‌ವೆಲ್ ಇದ್ದರೆ ಇನ್ನೂ ಎಚ್ಚರ ಬೇಕು: ಸೆಪ್ಟಿಕ್ ಟ್ಯಾಂಕಿನ ನೀರು ಇಂಗಿಸುವ ಜಾಗ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರವಿರಬೇಕೆಂಬ ನಿಯಮವನ್ನೇ ಇದಕ್ಕೂ ಪಾಲಿಸುವುದು ಕ್ಷೇಮ.

ಸಗಣಿಯಂತೆ ಇದನ್ನೂ ತಿಪ್ಪೆಗೆ ಹಾಕಿದರಾಗದೆ ಎಂದು ಕೇಳಿದೆ. ಅವರು ತೋರಿಸಿದ್ದು ಎದುರು ಮೂಲೆಯ ಬದನೆ, ಟೊಮೆಟೊ ಪಾತಿಗಳನ್ನು. ಗುಂಡಿಗೂ ಪಾತಿಗೂ ಇಡೀ ಹಿತ್ತಲಿನ ಅಂತರ. ನಾಯಿಯ ಮಲದಲ್ಲಿ ಟಾಕ್ಸೊಕಾರಾ ಎಂಬ ದುಂಡುಹುಳುವಿನ ಮೊಟ್ಟೆಗಳಿರಬಹುದು. ಕೆಲವೇ ವಾರಗಳಲ್ಲಿ ಅವು ಸೋಂಕು ತಗುಲಿಸುವ ಹಂತಕ್ಕೆ ಬಂದು, ವರ್ಷಗಟ್ಟಲೆ ಮಣ್ಣಲ್ಲಿ ಬದುಕಿರುತ್ತವೆ. ಮಣ್ಣಾಡುವ ಮಕ್ಕಳ ಹೊಟ್ಟೆ ಸೇರಿದರೆ ಮರಿಹುಳು ಕಣ್ಣಿನವರೆಗೂ ಹೋಗಬಲ್ಲದು. ಮನೆಯ ಗೊಬ್ಬರದ ಗುಂಡಿ ಸಾಮಾನ್ಯವಾಗಿ ಅವನ್ನು ಕೊಲ್ಲುವಷ್ಟು ಬಿಸಿಯೇರುವುದಿಲ್ಲ. ಈ ಡ್ರಮ್ಮೂ ಅವನ್ನು ಕೊಲ್ಲುತ್ತದೆಂದು ನಂಬುವಂತಿಲ್ಲ. ಮನುಷ್ಯರ ಕೈಗೆ, ಕಾಲಿಗೆ ಸಿಗದಂತೆ ಇಡುತ್ತದೆ, ಅಷ್ಟೆ. ಆದ್ದರಿಂದ ತುಂಬಿದ ಗುಂಡಿಯನ್ನು ಬಗೆದು ಗೊಬ್ಬರ ಮಾಡಬಾರದು. ಮಣ್ಣು ಮುಚ್ಚಿ, ಡ್ರಮ್ಮಿಗೆ ಬೇರೆ ಜಾಗ ನೋಡಬೇಕು.

ಹಿತ್ತಲಿದ್ದು, ಮಣ್ಣು ನೀರು ಕುಡಿಯುವಂತಿದ್ದರೆ ಈ ಗುಂಡಿ ಧಾರಾಳವಾಗಿ ಮಾಡಬಹುದು. ಇಲ್ಲದವರು ಕವರಿಲ್ಲದೆ ಮನೆಯ ಕಕ್ಕಸಿಗೆ ಹಾಕಿ ನೀರು ಬಿಡಲಿ. ಎರಡರಲ್ಲಿ ಯಾವುದಾದರೂ ಸರಿ, ಪ್ರತಿದಿನ ಎತ್ತಿ, ಕಾಲಕಾಲಕ್ಕೆ ನಾಯಿಗೆ ಜಂತುಹುಳುವಿನ ಔಷಧಿ ಕೊಡಿಸಿ. ಪಕ್ಕದ ಖಾಲಿ ಸೈಟಿಗೆ ಮಾತ್ರ ಎಸೆಯಬೇಡಿ.