ನಮೂದಿತ ವೇಗದಲ್ಲಿ ಮೆಮೊರಿ: ಗಣಕಯಂತ್ರ ಸ್ತಬ್ಧವಾಗುವ ಕಾರಣಗಳೂ ಪರೀಕ್ಷಾಕ್ರಮವೂ

1. ವಿಷಯಪ್ರವೇಶ

ಇತಿಹಾಸ ಸಂಶೋಧನೆಯ ಉಪಕರಣಗಳಲ್ಲಿ ಗಣಕಯಂತ್ರವೂ ಈಗ ಒಂದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ವಿಜಯಪುರ ನಗರದ ಆದಿಲಶಾಹಿ ಕಟ್ಟಡಗಳ ಮೇಲಿನ ಫಾರ್ಸಿ ಬರಹಗಳನ್ನಾಗಲಿ, ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವ ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿ ದೊರೆಯುವ ಕಲ್ಬರಹಗಳನ್ನಾಗಲಿ ಅಭ್ಯಸಿಸುವವನು, ಮಸಿಯ ಪಡಿಯಚ್ಚಿನ ಜೊತೆಗೆ ಒಂದೇ ಕಲ್ಲಿನ ನೂರಾರು ಛಾಯಾಚಿತ್ರಗಳನ್ನು ತೆಗೆದು, ಅವನ್ನು ಯಂತ್ರದಲ್ಲಿ ಜೋಡಿಸಿ, ಅಕ್ಷರಗಳ ಉಬ್ಬುತಗ್ಗು ಕಾಣುವಂತಹ ಘನಾಕೃತಿಯ ಪ್ರತಿಯನ್ನು ಸಿದ್ಧಪಡಿಸಬಹುದಾಗಿದೆ. ಇಂತಹ ಜೋಡಣೆಗೆ ಎಷ್ಟೋ ವೇಳೆ ಒಂದು ರಾತ್ರಿಯೆಲ್ಲ ಹಿಡಿಯುತ್ತದೆ. 32 ಅಥವಾ 64 ಗಿಗಾಬೈಟುಗಳಷ್ಟು ಮೆಮೊರಿಯೂ ಬೇಕಾಗುತ್ತದೆ.

ಈ ಕಾರಣದಿಂದ ಸಂಶೋಧಕನು ಹೆಚ್ಚು ವೇಗದ ಮೆಮೊರಿಯನ್ನು ಕೊಂಡು ತಂದು, ಅದರ ಮೇಲೆ ಮುದ್ರಿತವಾದ ವೇಗಕ್ಕೆ ಯಂತ್ರವನ್ನು ಅಳವಡಿಸುತ್ತಾನೆ. ನಡುರಾತ್ರಿಯಲ್ಲಿ ಪರದೆ ನೀಲಿಯಾಗಿ ಯಂತ್ರವು ನಿಂತುಬಿಡುತ್ತದೆ. ವೇಗವನ್ನು ಮೊದಲಿನ ಮಟ್ಟಕ್ಕೆ ಇಳಿಸಿದರೆ ಅದೇ ಯಂತ್ರ ಸರಾಗವಾಗಿ ನಡೆಯುತ್ತದೆ. ತಯಾರಕರೇ ನಮೂದಿಸಿದ ವೇಗದಲ್ಲಿ ಯಂತ್ರ ನಡೆಯದಿರಲು ಕಾರಣವೇನು? ದೋಷವು ಯಾವ ಭಾಗದಲ್ಲಿದೆ ಎಂಬುದನ್ನು ಗೊತ್ತುಪಡಿಸುವ ಕ್ರಮ ಯಾವುದು? ಯಂತ್ರವು ನಿಲ್ಲದೆಯೇ ತಪ್ಪು ಮಾಡಿದರೆ ನಮ್ಮ ದಾಖಲೆಗಳ ಗತಿಯೇನು? ಈ ಮೂರು ಪ್ರಶ್ನೆಗಳನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

2. ಮೆಮೊರಿಯ ರಚನೆ

ಅಂಗಡಿಗಳಲ್ಲಿ ‘ರ್‍ಯಾಮ್’ ಎಂದು ಕೇಳಿ ಪಡೆಯುವ ವಸ್ತುವು ಬೆರಳಗಲದ ಒಂದು ಪಟ್ಟಿ. ಬಳಕೆಯಲ್ಲಿ ಇದಕ್ಕೆ ‘ಸ್ಟಿಕ್’ ಎನ್ನುತ್ತಾರೆ. ಇದರೊಳಗಿನ ಪ್ರತಿಯೊಂದು ಕೋಶವೂ ಒಂದು ಅತಿಸೂಕ್ಷ್ಮವಾದ ವಿದ್ಯುತ್ ಸಂಗ್ರಾಹಕವಾಗಿದ್ದು, ಅದರಲ್ಲಿ ವಿದ್ಯುದಂಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎಂದು ಯಂತ್ರವು ಓದಿಕೊಳ್ಳುತ್ತದೆ. ಈ ಏರ್ಪಾಟನ್ನು ಕಂಡುಹಿಡಿದವರು ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್. ಅವರಿಗೆ ಇದರ ಪೇಟೆಂಟು ದೊರೆತುದು 1968ರಲ್ಲಿ. 64 ಗಿಗಾಬೈಟುಗಳ ಮೆಮೊರಿಯಲ್ಲಿ ಇಂತಹ ಕೋಶಗಳು ಸುಮಾರು 55,000 ಕೋಟಿಯಷ್ಟಿರುತ್ತವೆ.

ಈ ಕೋಶಗಳದು ಸೋರುವ ಸ್ವಭಾವ. ಆದುದರಿಂದ ಪ್ರತಿಯೊಂದನ್ನೂ ಮತ್ತೆ ಮತ್ತೆ ಓದಿ ತುಂಬಬೇಕಾಗುತ್ತದೆ. ‘ಡಿಡಿಆರ್4’ ಎಂಬ ವರ್ಗದ ಮೆಮೊರಿಯಲ್ಲಿ ಈ ಮರುಪೂರಣವು ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳಿಗೊಮ್ಮೆ ನಡೆಯಬೇಕು. ಮೆಮೊರಿಯ ಉಷ್ಣತೆ 85 ಡಿಗ್ರಿ ಸೆಲ್ಸಿಯಸ್ ಮೀರಿದರೆ 32 ಮಿಲಿಸೆಕೆಂಡುಗಳಿಗೊಮ್ಮೆ ನಡೆಯಬೇಕೆಂದು ನಿಯಮವಿದೆ. ಶಾಖ ಹೆಚ್ಚಿದಂತೆ ಸೋರಿಕೆಯೂ ಹೆಚ್ಚುತ್ತದೆ ಎಂಬ ಈ ಸಂಗತಿಯು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನ ಮಟ್ಟಿಗೆ ಗಮನಾರ್ಹವಾದುದು.

3. ‘ನಮೂದಿತ ವೇಗ’ ಎಂಬುದರ ಅರ್ಥ

ಸ್ಟಿಕ್ಕಿನ ಮೇಲೆ 3600 ಎಂದು ಮುದ್ರಿತವಾಗಿದ್ದರೆ, ಒಂದೊಂದು ತಂತಿಯ ಮೂಲಕ ಸೆಕೆಂಡಿಗೆ 360 ಕೋಟಿ ಸಂಕೇತಗಳು ಹಾಯುತ್ತವೆ ಎಂದು ಅರ್ಥ. ಆದರೆ ಈ ಸಂಖ್ಯೆಯನ್ನು ಹೇಳಿದವರು ಯಾರು ಎಂಬುದನ್ನು ಮೊದಲು ವಿಚಾರಿಸಬೇಕು. ಯಾವ ದಾಖಲೆಯನ್ನು ಓದುವಾಗಲೂ ನಾವು ಮಾಡುವ ಮೊದಲ ಪ್ರಶ್ನೆ ಅದೇ ಅಲ್ಲವೆ?

ಮೆಮೊರಿಯ ಸರ್ವಸಮ್ಮತ ಪ್ರಮಾಣಗಳನ್ನು ಗೊತ್ತುಪಡಿಸುವುದು ಜೆಡೆಕ್ ಎಂಬ ಮಂಡಲಿ. ಅದು 2012ರಲ್ಲಿ ಪ್ರಕಟಿಸಿದ ಡಿಡಿಆರ್4 ಪ್ರಮಾಣದಲ್ಲಿ ಅತ್ಯಧಿಕ ವೇಗ 3200. ವಿದ್ಯುತ್ತಿನ ಒತ್ತಡ 1.2 ವೋಲ್ಟ್. 3600 ಎಂದು ಮಾರಾಟವಾಗುವ ಸ್ಟಿಕ್ಕುಗಳು ಸಾಮಾನ್ಯವಾಗಿ 1.35 ವೋಲ್ಟಿನಲ್ಲಿ ನಡೆಯತಕ್ಕವು. ಅಂದರೆ ವೇಗ, ಒತ್ತಡ ಎರಡೂ ಮಂಡಲಿಯ ಪ್ರಮಾಣಕ್ಕೆ ಹೊರಗಿನವು. ಆದುದರಿಂದಲೇ ಇಂತಹ ಸ್ಟಿಕ್ಕನ್ನು ಮೊದಲು ಕೂಡಿಸಿದಾಗ ಯಂತ್ರವು 2133, 2666 ಮುಂತಾದ ಕೆಳಗಿನ ವೇಗದಲ್ಲಿಯೇ ಎಚ್ಚರಗೊಳ್ಳುತ್ತದೆ. ಹೆಚ್ಚಿನ ವೇಗದ ವಿವರಗಳು ಸ್ಟಿಕ್ಕಿನ ಮೇಲಿನ ಒಂದು ಕಿರುಚಿಪ್ಪಿನಲ್ಲಿ ಬರೆದಿರುತ್ತವೆ. ಇಂಟೆಲ್ ಕಂಪನಿಯು 2007ರಲ್ಲಿ ತಂದ ‘ಎಕ್ಸ್‌ಎಂಪಿ’, ಎಎಂಡಿ ಕಂಪನಿಯು 2022ರಲ್ಲಿ ತಂದ ‘ಎಕ್ಸ್‌ಪೋ’ ಎಂಬ ಏರ್ಪಾಟುಗಳನ್ನು ಯಂತ್ರದ ಬಯಾಸ್‌ನಲ್ಲಿ ಬಳಕೆದಾರನೇ ಆರಿಸಿದಾಗ ಮಾತ್ರ ಆ ವಿವರಗಳು ಜಾರಿಗೆ ಬರುತ್ತವೆ.

ಇನ್ನು ಪ್ರೊಸೆಸರಿನ ಪಾತ್ರ. ಮೆಮೊರಿಯೊಡನೆ ವ್ಯವಹರಿಸುವ ನಿಯಂತ್ರಕವು ಈಚಿನ ಯಂತ್ರಗಳಲ್ಲಿ ಪ್ರೊಸೆಸರಿನ ಒಳಗೇ ಇರುತ್ತದೆ. ಅದರ ತಯಾರಕರು ವಹಿಸಿಕೊಳ್ಳುವ ಹೊಣೆ ಬೇರೆ. ನಿದರ್ಶನಕ್ಕೆ, ಎಎಂಡಿಯ ರೈಜನ್ 7000 ಶ್ರೇಣಿಯ ಮೇಜುಗಣಕದ ಪ್ರೊಸೆಸರುಗಳಿಗೆ ಕಂಪನಿಯು ಹೇಳುವ ವೇಗವು ಎರಡು ಸ್ಟಿಕ್ಕುಗಳಿದ್ದಾಗ 5200. ನಾಲ್ಕು ಸ್ಟಿಕ್ಕುಗಳಿದ್ದಾಗ ಕೇವಲ 3600. ಅದೇ ಯಂತ್ರಕ್ಕೆ 6000 ಎಂದು ಬರೆದ ನಾಲ್ಕು ಸ್ಟಿಕ್ಕುಗಳನ್ನು ಕೊಂಡುತಂದವನು, ಸ್ಟಿಕ್ಕಿನ ತಯಾರಕನ ಮಾತನ್ನು ಪ್ರೊಸೆಸರಿನ ತಯಾರಕನ ಮಾತೆಂದು ಭಾವಿಸಿರುತ್ತಾನೆ. ಮೂರನೆಯ ಪಾಲುದಾರ ಮದರ್‌ಬೋರ್ಡು. ಒಟ್ಟಿನಲ್ಲಿ ಹೇಳುವುದಾದರೆ, ಮೂವರ ಒಪ್ಪಿಗೆ ಬೇಕಾದ ಕರಾರುಪತ್ರಕ್ಕೆ ಒಬ್ಬನೇ ರುಜು ಹಾಕಿದಂತೆ ಈ ನಮೂದಿತ ವೇಗ. ಸ್ಟಿಕ್ಕು ನಿರ್ದೋಷವಾಗಿದ್ದೂ, ಪ್ರೊಸೆಸರು ನಿರ್ದೋಷವಾಗಿದ್ದೂ, ಅವೆರಡೂ ಕೂಡಿದಾಗ ಆ ವೇಗವು ನಿಲ್ಲದೆ ಹೋಗಬಹುದು.

4. ವೇಗ ಹೆಚ್ಚಿದಂತೆ ತಪ್ಪು ಹೆಚ್ಚಲು ಕಾರಣ

ಇದನ್ನು ತಿಳಿಯಲು ನಮ್ಮ ಗೋಲಗುಮ್ಮಟವೇ ಸಾಕು. 1656ರಲ್ಲಿ ಮಡಿದ ಮೊಹಮ್ಮದ್ ಆದಿಲಶಾಹನ ಈ ಗೋರಿಯ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಬದಿಯಲ್ಲಿ ನಿಂತು ಮೆಲ್ಲಗೆ ಆಡಿದ ಮಾತು ಸುಮಾರು 38 ಮೀಟರು ಆಚೆಯ ಬದಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಒಬ್ಬನೇ ಬಿಡಿಬಿಡಿಯಾಗಿ ಮಾತನಾಡಿದರೆ ಪ್ರತಿಯೊಂದು ಪದವೂ ತಿಳಿಯುತ್ತದೆ. ಅವನೇ ತಡೆಯಿಲ್ಲದೆ ಮಾತನಾಡತೊಡಗಿದರೆ, ಹಿಂದಿನ ಪದದ ಪ್ರತಿಧ್ವನಿ ಅಡಗುವ ಮೊದಲೇ ಮುಂದಿನ ಪದ ಬಂದು ಎರಡೂ ಕಲೆಸಿಹೋಗುತ್ತವೆ. ಸುತ್ತಲೂ ನಾಲ್ಕು ಕಡೆ ಜನರು ನಿಂತರಂತೂ ಹೇಳಬೇಕಾದುದೇ ಇಲ್ಲ.

ಮದರ್‌ಬೋರ್ಡಿನ ತಾಮ್ರದ ಗೆರೆಗಳಲ್ಲಿ ಹರಿಯುವ ಸಂಕೇತದ ಪಾಡೂ ಇದೇ. 3600ರ ವೇಗದಲ್ಲಿ ಒಂದು ಸಂಕೇತಕ್ಕೆ ದೊರೆಯುವ ಕಾಲಾವಕಾಶವು ಒಂದು ನ್ಯಾನೊಸೆಕೆಂಡಿನ ನಾಲ್ಕನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಸಂಕೇತವು ಹಲಗೆಯ ಮೇಲೆ ಸಾಗುವ ದೂರ ಸುಮಾರು ನಾಲ್ಕು ಸೆಂಟಿಮೀಟರು ಮಾತ್ರ. ತಂತಿಯ ಕೊನೆಗಳಲ್ಲಿ, ಸ್ಟಿಕ್ಕು ಕೂಡುವ ಕಡೆಗಳಲ್ಲಿ ಸಂಕೇತದ ಒಂದಂಶ ಪ್ರತಿಫಲಿಸಿ ಹಿಂದಿರುಗುತ್ತದೆ. ಎರಡರ ಬದಲು ನಾಲ್ಕು ಸ್ಟಿಕ್ಕುಗಳಿದ್ದರೆ ಪ್ರತಿಫಲನವೂ ಭಾರವೂ ಹೆಚ್ಚುತ್ತವೆ. ಯಂತ್ರವು ಪ್ರಾರಂಭವಾಗುವಾಗ ಯಾವ ಕ್ಷಣದಲ್ಲಿ ಓದಿದರೆ ಸಂಕೇತವು ಅತ್ಯಂತ ಸ್ಪಷ್ಟವೆಂಬುದನ್ನು ತಾನೇ ಪರೀಕ್ಷಿಸಿ ಗೊತ್ತುಮಾಡಿಕೊಳ್ಳುತ್ತದೆ. ‘ಡಿಡಿಆರ್5’ ಯಂತ್ರಗಳು ಮೊದಲ ಸಲ ಹಲವು ನಿಮಿಷ ಕಪ್ಪು ಪರದೆಯಲ್ಲಿಯೇ ಇರುವುದಕ್ಕೆ ಇದು ಕಾರಣ. ಕೆಟ್ಟಿತೆಂದು ಆಗ ವಿದ್ಯುತ್ತನ್ನು ಕಡಿಯಬಾರದು. ಹೀಗೆ ಮುಂಜಾನೆಯ ತಂಪಿನಲ್ಲಿ ಗೊತ್ತುಪಡಿಸಿದ ಕ್ಷಣವು ಮಧ್ಯಾಹ್ನದ ಬಿಸಿಲಿನಲ್ಲಿ ಕೊಂಚ ಸರಿದಿರಬಹುದು. ಕೆಳಗಿನ ವೇಗದಲ್ಲಿ ಈ ವ್ಯತ್ಯಾಸಕ್ಕೆ ಎಡೆಯಿದೆ. ಮೇಲಿನ ವೇಗದಲ್ಲಿ ಇಲ್ಲ.

5. ಪರೀಕ್ಷಾಕ್ರಮ

ಯಂತ್ರವು ನಿಲ್ಲುವುದಕ್ಕೆ ಬಿಸಿಯಾದ ಪ್ರೊಸೆಸರು, ಬಲವಿಲ್ಲದ ವಿದ್ಯುತ್ ಪೂರೈಕೆಯ ಪೆಟ್ಟಿಗೆ, ಹದಗೆಟ್ಟ ಡಿಸ್ಕು ಮುಂತಾದ ಬೇರೆ ಕಾರಣಗಳೂ ಇರಬಹುದು. ಆದುದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಮಾಡಿದುದನ್ನು ದಿನಾಂಕಸಹಿತ ಬರೆದಿಡಬೇಕು. ಈ ನಿಯಮವನ್ನು ಬಿಟ್ಟರೆ ದೋಷ ಹೋದರೂ ಯಾವುದರಿಂದ ಹೋಯಿತೆಂಬುದು ತಿಳಿಯದು.

ಮೊದಲನೆಯದಾಗಿ, ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೆ ಯಂತ್ರದ ಮೂಲಕ ತೆಗೆದಿರಿಸಿ, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋವನ್ನು ನಿಲ್ಲಿಸಿ, ಅದೇ ಕೆಲಸವನ್ನು ಕೆಲವು ದಿನ ಮಾಡಿ ನೋಡಬೇಕು. ಆಗಲೂ ಯಂತ್ರವು ನಿಂತರೆ ವೇಗವನ್ನು ದೂರುವಂತಿಲ್ಲ.

ಎರಡನೆಯದಾಗಿ, ಇದೇ ಕೆಳಗಿನ ವೇಗದಲ್ಲಿ ‘ಮೆಮ್‌ಟೆಸ್ಟ್86+’ ಎಂಬ ಉಚಿತ ಪರೀಕ್ಷಕವನ್ನು ಪೆನ್‌ಡ್ರೈವಿನಿಂದ ನಡೆಯಿಸಬೇಕು. ಇದು ವಿಂಡೋಸ್ ಮೊದಲಾದವುಗಳ ಹಂಗಿಲ್ಲದೆ ಮೆಮೊರಿಯಲ್ಲಿ ನಾನಾ ಮಾದರಿಗಳನ್ನು ಬರೆದು ಓದಿ ತಾಳೆ ನೋಡುತ್ತದೆ. ಒಂದು ಸುತ್ತು ಸಾಲದು; ರಾತ್ರಿಯಿಡೀ ನಡೆಯಲಿ. ಇಲ್ಲಿ ಒಂದೇ ಒಂದು ತಪ್ಪು ಕಂಡರೂ ಅದನ್ನು ಅಲ್ಪವೆಂದು ಬಿಡುವಂತಿಲ್ಲ. ತಪ್ಪು ಕಂಡಲ್ಲಿ ಒಂದೊಂದೇ ಸ್ಟಿಕ್ಕನ್ನು ಒಂದೇ ಕಂಡಿಯಲ್ಲಿಟ್ಟು ಪರೀಕ್ಷಿಸಬೇಕು. ಅನಂತರ ನಿರ್ದೋಷವೆಂದು ತಿಳಿದ ಸ್ಟಿಕ್ಕನ್ನು ಒಂದೊಂದೇ ಕಂಡಿಗೆ ಸರಿಸುತ್ತ ಹೋಗಬೇಕು. ತಪ್ಪು ಸ್ಟಿಕ್ಕಿನೊಡನೆ ಸರಿದರೆ ಸ್ಟಿಕ್ಕು ಕೆಟ್ಟಿದೆ. ಕಂಡಿಯಲ್ಲಿಯೇ ಉಳಿದರೆ ಮದರ್‌ಬೋರ್ಡನ್ನೂ ಪ್ರೊಸೆಸರು ಕೂಡುವ ಸ್ಥಾನವನ್ನೂ ಶಂಕಿಸಬೇಕು.

ಮೂರನೆಯದಾಗಿ, ಕೆಳಗಿನ ವೇಗದಲ್ಲಿ ನಿರ್ದೋಷವಾಗಿದ್ದು ನಮೂದಿತ ವೇಗದಲ್ಲಿ ಮಾತ್ರ ತಪ್ಪು ಕಂಡರೆ, ಕೂಡಿಕೆಯನ್ನು ವಿಚಾರಿಸಬೇಕು. ಎರಡೇ ಸ್ಟಿಕ್ಕುಗಳಿದ್ದಲ್ಲಿ ನಾಲ್ಕು ಕಂಡಿಗಳ ಮದರ್‌ಬೋರ್ಡಿನಲ್ಲಿ ಅವು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಹಾಗೂ ನಾಲ್ಕನೆಯ ಕಂಡಿಗಳಲ್ಲಿರಬೇಕು; ಕೈಪಿಡಿಯಲ್ಲಿ ಇದನ್ನು ಹೇಳಿರುತ್ತದೆ. ಬೇರೆ ಬೇರೆ ಕಾಲದಲ್ಲಿ ಕೊಂಡ ಎರಡು ಜೋಡಿಗಳನ್ನು, ಹೆಸರು ಒಂದೇ ಆಗಿದ್ದರೂ, ಕೂಡಿಸಿದ್ದರೆ ಒಂದು ಜೋಡಿಯನ್ನು ತೆಗೆದು ನೋಡಬೇಕು. ಒಟ್ಟಾಗಿ ಮಾರಿದ ಜೋಡಿಯನ್ನು ಮಾತ್ರ ತಯಾರಕರು ಒಟ್ಟಾಗಿ ಪರೀಕ್ಷಿಸಿರುತ್ತಾರೆ. ಬಯಾಸ್‌ನ ಹೊಸ ಆವೃತ್ತಿಯಿಂದಲೂ ಹಲವು ತೊಡಕುಗಳು ನೀಗುತ್ತವೆ.

ನಾಲ್ಕನೆಯದಾಗಿ, ಇಷ್ಟರಿಂದಲೂ ಸರಿಹೋಗದಿದ್ದರೆ ಉಳಿದುದನ್ನೆಲ್ಲ ಹಾಗೆಯೇ ಇರಿಸಿ ವೇಗವೊಂದನ್ನೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಒತ್ತಡವನ್ನು ಏರಿಸಿ ಗೆಲ್ಲುವ ದಾರಿಯನ್ನು ಕೆಲವರು ಹೇಳುವುದುಂಟು. ಆದರೆ 2023ರಲ್ಲಿ ರೈಜನ್ 7000 ಶ್ರೇಣಿಯ ಕೆಲವು ಪ್ರೊಸೆಸರುಗಳು ಸುಟ್ಟುಹೋದ ಮೇಲೆ, ಮೆಮೊರಿಯ ನಿಯಂತ್ರಕವಿರುವ ಭಾಗದ ಒತ್ತಡವು 1.3 ವೋಲ್ಟನ್ನು ಮೀರದಂತೆ ಎಎಂಡಿಯು ಕಟ್ಟುಮಾಡಬೇಕಾಯಿತು ಎಂಬುದನ್ನು ನೆನೆದರೆ, ಸಂಸ್ಥೆಯ ಯಂತ್ರದಲ್ಲಿ ಈ ಸಾಹಸ ತಕ್ಕುದಲ್ಲ.

ಕೊನೆಯದಾಗಿ, ಗೊತ್ತುಪಡಿಸಿದ ವೇಗವನ್ನು ಏಪ್ರಿಲ್ ಇಲ್ಲವೆ ಮೇ ತಿಂಗಳ ಮಧ್ಯಾಹ್ನದಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು. ಡಿಸೆಂಬರದ ಫಲಿತಾಂಶವು ಬೇಸಿಗೆಗೆ ಅನ್ವಯಿಸುವುದೆಂದು ನಂಬಲಾಗದು.

6. ನಿಲ್ಲದ ಯಂತ್ರದ ಅಪಾಯ

ಯಂತ್ರವು ನಿಂತರೆ ಕೆಲಸ ಕೆಡುತ್ತದೆ. ಆದರೆ ಕೆಟ್ಟಿತೆಂದು ತಿಳಿಯುತ್ತದೆ. ಮೆಮೊರಿಯಲ್ಲಿ ತಪ್ಪಾಗಿಯೂ ಯಂತ್ರವು ನಿಲ್ಲದಿರುವುದು ಅದಕ್ಕಿಂತ ಭಯಂಕರ. ಓಲೆಗರಿಯನ್ನು ಪ್ರತಿಮಾಡುವವನು ಅಕ್ಷರ ತಿಳಿಯದಲ್ಲಿ ಬಿಟ್ಟರೆ ಸಂಪಾದಕನಿಗೆ ಆ ತೆರವು ಕಾಣುತ್ತದೆ. ತಿಳಿಯದೆ ಬೇರೊಂದನ್ನು ಬರೆದು ಮುಂದುವರಿದರೆ ಪಾಠವೇ ಕೆಡುತ್ತದೆ. ಇದೇ ವಿಜಯಪುರದಲ್ಲಿ ವಚನಗಳ ಓಲೆಗರಿಗಳನ್ನು ಕೂಡಿಹಾಕಿ ಶೋಧಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ. ಗು. ಹಳಕಟ್ಟಿಯವರಂಥವರ ಶ್ರಮವೆಲ್ಲ ಇಂತಹ ಪ್ರತಿಗಳ ನಡುವೆ ನಡೆದುದು.

ಯಂತ್ರದಲ್ಲಿ ‘ಕ’ ಅಕ್ಷರಕ್ಕೂ ‘ಗ’ ಅಕ್ಷರಕ್ಕೂ ಇರುವ ಅಂತರ ಒಂದೇ ಕೋಶದ್ದು. ಆ ಕೋಶ ಹೊರಳಿದರೆ ದತ್ತಿ ಕೊಟ್ಟ ‘ಕೆರೆ’ಯು ‘ಗೆರೆ’ಯಾಗುತ್ತದೆ. ಇದು ಓದುಗನಿಗೆ ಕಂಡೀತು. ಆದರೆ 6 ಮತ್ತು 7 ಎಂಬ ಅಂಕಿಗಳ ನಡುವಣ ಅಂತರವೂ ಒಂದೇ ಕೋಶದ್ದು. ವಿಜಯಪುರವು ಔರಂಗಜೇಬನ ವಶವಾದ 1686 ಎಂಬ ಇಸವಿಯು ಈ ರೀತಿ 1687 ಆದರೆ, ಅದು ಗೋಲ್ಕೊಂಡೆಯು ಬಿದ್ದ ಇಸವಿ. ಹೀಗಾಗಿ ಯಾರಿಗೂ ಸಂದೇಹ ಬಾರದು. 2003ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಸ್ಕಾರ್‌ಬೀಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ ಯಂತ್ರವು 4096 ಮತಗಳನ್ನು ಹೆಚ್ಚಾಗಿ ಎಣಿಸಿತು. ಆ ಸಂಖ್ಯೆಯು ಎರಡರ ಹನ್ನೆರಡನೆಯ ಘಾತವಾಗಿರುವುದರಿಂದ ಒಂದೇ ಕೋಶ ಹೊರಳಿತೆಂದು ತಜ್ಞರು ಊಹಿಸಿದರು. ಮತಗಳು ಸಾಧ್ಯವಿದ್ದುದಕ್ಕಿಂತ ಹೆಚ್ಚಾದುದರಿಂದ ತಪ್ಪು ಹೊರಬಿದ್ದಿತು. ಸಣ್ಣ ಸಂಖ್ಯೆಯಾಗಿದ್ದರೆ ಹೊರಬೀಳುತ್ತಿದ್ದಿತೆ?

ಇದಕ್ಕೆ ಪರಿಹಾರಗಳಿಲ್ಲದೆ ಇಲ್ಲ. ಬೆಲ್ ಪ್ರಯೋಗಶಾಲೆಯ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ತತ್ತ್ವದ ಮೇಲೆ ನಿಂತ ‘ಇಸಿಸಿ’ ಮೆಮೊರಿಯು 64 ಕೋಶಗಳಿಗೆ 8 ಕಾವಲು ಕೋಶಗಳನ್ನಿರಿಸಿ ಒಂದು ತಪ್ಪನ್ನು ತಾನೇ ತಿದ್ದುತ್ತದೆ, ಎರಡನ್ನು ತೋರಿಸುತ್ತದೆ. ಡಿಡಿಆರ್5ರ ಚಿಪ್ಪಿನೊಳಗಿನ ತಿದ್ದುಪಡಿಯು ತಂತಿಯ ಹಾದಿಯಲ್ಲಾಗುವ ತಪ್ಪನ್ನು ಕಾಯುವುದಿಲ್ಲವಾದ ಕಾರಣ, ಅದನ್ನೂ ಇದನ್ನೂ ಒಂದೆಂದು ತಿಳಿಯಬಾರದು. ಇಸಿಸಿ ಇಲ್ಲದವರು ಕ್ಯಾಮರಾದ ಕಾರ್ಡಿನಲ್ಲಿರುವ ಮೂಲಚಿತ್ರಗಳಿಗೆ ‘ಶಾ-256’ ಎಂಬ ಮುದ್ರಾಸಂಖ್ಯೆಯನ್ನು ಎರಡು ಬೇರೆ ಯಂತ್ರಗಳಲ್ಲಿ ತೆಗೆದು, ಪ್ರತಿಯ ಮುದ್ರಾಸಂಖ್ಯೆಯೊಡನೆ ತಾಳೆನೋಡಿದ ಮೇಲೆಯೇ ಕಾರ್ಡನ್ನು ಅಳಿಸಬೇಕು. ದೋಷವುಳ್ಳ ಯಂತ್ರವೊಂದರಲ್ಲಿಯೇ ಪ್ರತಿಯನ್ನೂ ಮುದ್ರೆಯನ್ನೂ ಮಾಡಿದರೆ ಕಳ್ಳನಿಂದಲೇ ಸಾಕ್ಷಿ ಹೇಳಿಸಿದಂತಾಗುತ್ತದೆ.

7. ಉಪಸಂಹಾರ

3200ರಿಂದ 3600ಕ್ಕೆ ಏರಿಸಿದಾಗ ವೇಗದಲ್ಲಾಗುವ ಹೆಚ್ಚಳವು ಎಂಟರಲ್ಲಿ ಒಂದು ಪಾಲು. ಕೆಲಸವೆಲ್ಲವೂ ಮೆಮೊರಿಯನ್ನೇ ಅವಲಂಬಿಸಿದೆಯೆಂದು ಭಾವಿಸಿದರೂ, ಎಂಟು ಗಂಟೆಯ ಜೋಡಣೆಯಲ್ಲಿ ಉಳಿಯುವುದು ಐವತ್ತಮೂರು ನಿಮಿಷ; ವಾಸ್ತವದಲ್ಲಿ ಇನ್ನೂ ಕಡಿಮೆ. ಆರನೆಯ ಗಂಟೆಯಲ್ಲಿ ಯಂತ್ರ ಒಮ್ಮೆ ನಿಂತರೆ ಹೋಗುವುದು ಆರು ಗಂಟೆ. ಸದ್ದಿಲ್ಲದೆ ಒಂದು ಅಂಕಿ ಹೊರಳಿದರೆ ಹೋಗುವುದಕ್ಕೆ ಲೆಕ್ಕವೇ ಇಲ್ಲ. ಹೊಲದ ಬದುವಿನಲ್ಲಿ ನಿಂತಿರುವ ಕಲ್ಲು ಸವೆದೋ ಒಡೆದೋ ಹೋದ ಮೇಲೆ ನಮ್ಮ ಪ್ರತಿಯೇ ಮೂಲವಾಗುವ ಕಾಲ ಬರುತ್ತದೆ. ಆದುದರಿಂದ ನಮೂದಿತ ವೇಗವನ್ನು ತಯಾರಕನ ಒಂದು ಹೇಳಿಕೆಯೆಂದು ಸ್ವೀಕರಿಸಿ, ನಮ್ಮ ಯಂತ್ರದಲ್ಲಿ, ನಮ್ಮ ಬೇಸಿಗೆಯಲ್ಲಿ, ರಾತ್ರಿಯೆಲ್ಲ ಒಂದು ತಪ್ಪೂ ಇಲ್ಲದೆ ಸಾಗಿದ ವೇಗವನ್ನೇ ಅದರ ನಿಜವಾದ ವೇಗವೆಂದು ನಿರ್ಣಯಿಸುವುದು ಯುಕ್ತ. ಆ ಸಂಖ್ಯೆಯನ್ನು ಪರೀಕ್ಷೆಯ ದಿನಾಂಕದೊಡನೆ ಬರೆದು ಯಂತ್ರದ ಮೇಲೆ ಅಂಟಿಸಿಡುವುದು ಮುಂದೆ ಅದನ್ನು ಬಳಸುವವರಿಗೆ ಉಪಕಾರವಾದೀತು.