ಕಾರಿನ ನೀರು ಎಲ್ಲಿ ಹೋಯ್ತು?

ಕಾರಿನ ವಿಷಯ ಅಂದ ಕೂಡಲೇ ‘ಇದು ನಮಗಲ್ಲ ಬಿಡಿ’ ಎಂದು ಪುಟ ತಿರುಗಿಸಬೇಡಿ. ನಾನೂ ಹಾಗೇ ಇದ್ದವಳು. ಓಡಿಸಲು ಬರುತ್ತಿತ್ತು, ಪೆಟ್ರೋಲ್ ಹಾಕಿಸುತ್ತಿದ್ದೆ, ಆದರೆ ಬಾನೆಟ್ ಎತ್ತುವುದು ಮಾತ್ರ ನಮ್ಮ ಮನೆಯವರ ಕೆಲಸ ಅಂದುಕೊಂಡಿದ್ದೆ. ಹೆತ್ತೂರಿನ ಮಳೆಗಾಲದ ಒಂದು ರಾತ್ರಿ ಆ ಅಭ್ಯಾಸ ಬಿಡಿಸಿತು.

ನಮ್ಮದು ಹೆತ್ತೂರಿನ ಹತ್ತಿರ ಒಂದು ಸಣ್ಣ ಕಾಫಿ ತೋಟ. ಶೆಡ್ಡಿನಲ್ಲಿರುವುದು ಇಪ್ಪತ್ತು ವರ್ಷ ದಾಟಿದ ಪುಟ್ಟ ಪೆಟ್ರೋಲ್ ಕಾರು. ಈ ಕಡೆ ಇದೇನೂ ವಿಶೇಷವಲ್ಲ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತರೂ ತೋಟದ ಮನೆಗಳ ಶೆಡ್ಡುಗಳಲ್ಲಿ ಇವತ್ತಿಗೂ ಅವು ಕಾಣಸಿಗುತ್ತವೆ. ಹಳೆಯ ಕಾರೆಂದರೆ ಹಳೆಯ ಹಸುವಿನ ಹಾಗೆ, ಮಾರಲು ಮನಸ್ಸು ಬರುವುದಿಲ್ಲ.

ತೊಂದರೆ ಶುರುವಾಗಿದ್ದು ಒಂದು ಜುಲೈನಲ್ಲಿ. ಎಂಜಿನ್ ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಸಿರು ಬಣ್ಣದ ಕೂಲೆಂಟ್ ಇರುತ್ತದಲ್ಲ, ಅದು ವಾರಕ್ಕೊಂದು ಬೆರಳಿನಷ್ಟು ಇಳಿಯತೊಡಗಿತು. ಕೆಳಗೆ ನೋಡಿದರೆ ಒಂದು ಹನಿಯೂ ಇಲ್ಲ. ಇದ್ದರೂ ಗೊತ್ತಾಗಬೇಕಲ್ಲ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅಂಗಳವೇ ಒಣಗುವುದಿಲ್ಲ. ಪೇಟೆಯ ಗ್ಯಾರೇಜಿನವರು ಮೊದಲು ರೇಡಿಯೇಟರ್ ಮುಚ್ಚಳ ಬದಲಿಸಿದರು. ಆಮೇಲೆ ಹೋಸ್ ಪೈಪುಗಳು. ಫೆಬ್ರವರಿಯಲ್ಲಿ ರೇಡಿಯೇಟರನ್ನೇ ಹೊಸದು ಹಾಕಿಸಿದೆವು, ಒಂದು ಮೂಟೆ ಚೆರಿ ಕಾಫಿಯ ದುಡ್ಡು ಅಲ್ಲಿಗೆ ಹೋಯಿತು. ಬೇಸಿಗೆಯಿಡೀ ಬಾಟಲಿ ಒಂದಿಷ್ಟೂ ಇಳಿಯಲಿಲ್ಲ. ಸದ್ಯ ಸರಿಹೋಯ್ತು ಅಂದುಕೊಂಡೆವು. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಮತ್ತೆ ಅದೇ ಕಥೆ.

ನಾನು ಗ್ಯಾರೇಜಿಗೆ ಹೋಗಿ ವಿವರಿಸಲು ಹೊರಟರೆ ‘ಮನೆಯವರನ್ನು ಕಳಿಸಿ ಮೇಡಂ’ ಎಂಬ ಉತ್ತರ. ಮನೆಯವರೋ ತೋಟದಲ್ಲಿ. ಸರಿ, ನಾನೇ ನೋಡೋಣ ಎಂದು ಒಂದು ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ, ಬಾಟಲಿಯಲ್ಲಿ ಕೂಲೆಂಟ್ ಇದ್ದ ಮಟ್ಟಕ್ಕೆ ಕೆಂಪು ನೇಲ್ ಪಾಲಿಶ್‌ನಿಂದ ಗೆರೆ ಎಳೆದೆ. ರಾತ್ರಿ ಎಂಜಿನ್ ಕೆಳಗೆ ಹರಿದ ರಟ್ಟಿನ ಡಬ್ಬ ಹಾಸಿದೆ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಎಲ್ಲಿಗೆ ಹೋದೆವು, ಎಷ್ಟು ಇಳಿಯಿತು ಎಂದು ಬರೆಯತೊಡಗಿದೆ. ರಟ್ಟು ಪ್ರತಿದಿನ ಒಣಗಿಯೇ ಇತ್ತು. ಬಾಟಲಿ ಮಾತ್ರ ಇಳಿಯುತ್ತಲೇ ಇತ್ತು.

ಆ ದಿನಗಳಲ್ಲಿ ಅತ್ತೆ ಕಾರು ಹತ್ತಿದಾಗಲೆಲ್ಲ ‘ಇದೇನೇ, ಯಾರೋ ಬೆಲ್ಲದ ಪಾಕ ಕಾಸಿದ ಹಾಗೆ ವಾಸನೆ’ ಅನ್ನುತ್ತಿದ್ದರು. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಯಾವಾಗಲೂ ಒದ್ದೆ. ‘ನಿನ್ನ ಕೊಡೆ ನೀರು ಕಣೇ’ ಎಂದು ಮನೆಯವರು. ಮಳೆಗಾಲದಲ್ಲಿ ಒದ್ದೆಯಾಗದ್ದು ಏನಿದೆ ಎಂದು ನಾನೂ ಸುಮ್ಮನಾದೆ.

ಆ ರಾತ್ರಿ

ಆಗಸ್ಟ್‌ನಲ್ಲಿ ಒಂದು ರಾತ್ರಿ ಹತ್ತೂವರೆಗೆ ಅತ್ತೆಗೆ ಉಬ್ಬಸ ಜೋರಾಯಿತು. ಮನೆಯವರು ಊರಲ್ಲಿರಲಿಲ್ಲ. ಅತ್ತೆಯನ್ನು ಕೂರಿಸಿಕೊಂಡು ಸಕಲೇಶಪುರದ ಕಡೆ ಹೊರಟೆ. ಅರ್ಧ ದಾರಿಯ ಏರಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ನಿಲ್ಲಿಸಲೇಬೇಕು. ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುವ ಸೀಮೆ ನಮ್ಮದು, ಆ ಕತ್ತಲಲ್ಲಿ ಎರಡೂ ಕಡೆ ತೋಟ, ಪಕ್ಕದಲ್ಲಿ ಏದುಸಿರು ಬಿಡುವ ಅತ್ತೆ. ಹೇಗಿದ್ದಿರಬಹುದು ಯೋಚಿಸಿ.

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬಾರದು ಅನ್ನುವುದೊಂದು ನನಗೆ ಗೊತ್ತಿತ್ತು, ಪುಣ್ಯ. ಏಕೆಂದರೆ ಒಳಗಿನ ನೀರು ಪ್ರೆಷರ್ ಕುಕ್ಕರಿನ ನೀರಿನ ಹಾಗೆ ಒತ್ತಡದಲ್ಲಿರುತ್ತದೆ. ಮೂರು ಸಾವಿರ ಅಡಿ ಎತ್ತರದ ಊರುಗಳಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳದ ಒತ್ತಡ ಮತ್ತು ಕೂಲೆಂಟ್ ಸೇರಿ ಅದನ್ನು ನೂರಿಪ್ಪತ್ತರ ಆಚೆಗೂ ಕುದಿಯದಂತೆ ಹಿಡಿದಿಡುತ್ತವೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾದೆ. ಮುಟ್ಟಿ ನೋಡಿ, ಬಟ್ಟೆ ಹಿಡಿದು ನಿಧಾನ ತಿರುಗಿಸಿ, ಕುಡಿಯಲು ತಂದಿದ್ದ ಎರಡು ಬಾಟಲಿ ನೀರು ಸುರಿದೆ.

ಎಂಜಿನ್ ಬಿಸಿಯಾದರೆ ಹೀಟರ್ ಪೂರ್ತಿ ಹಾಕಬೇಕು, ಅದು ಎಂಜಿನ್ನಿನ ಶಾಖ ಎಳೆದುಕೊಳ್ಳುತ್ತದೆ ಎಂದು ಅಣ್ಣ ಯಾವಾಗಲೋ ಹೇಳಿದ್ದು ನೆನಪಾಯಿತು. (ಇದು ನಿಜ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ.) ಹಾಕಿದೆ. ಎರಡು ನಿಮಿಷದಲ್ಲಿ ಮುಂದಿನ ಗಾಜು ಪೂರ್ತಿ ಮಬ್ಬು. ಸೆರಗಿನಿಂದ ಒರೆಸಿದರೆ ಹೋಗದು, ಎಣ್ಣೆ ಕೈಯಲ್ಲಿ ಸವರಿದ ಹಾಗೆ ಅಂಟಂಟು. ಕಾರಿನೊಳಗೆಲ್ಲ ಅದೇ ಪಾಕದ ವಾಸನೆ. ಹೀಟರ್ ಆರಿಸಿ, ಕಿಟಕಿ ಇಳಿಸಿ, ಮುಳ್ಳು ನೋಡಿಕೊಂಡು ನಿಂತು ನಿಂತು ಆಸ್ಪತ್ರೆ ತಲುಪಿದಾಗ ಹನ್ನೆರಡೂವರೆ. ಅತ್ತೆಗೆ ಆಮ್ಲಜನಕ ಕೊಟ್ಟರು. ಬೆಳಗಿನ ಜಾವಕ್ಕೆ ಉಸಿರು ಹದಕ್ಕೆ ಬಂತು.

ಪುಸ್ತಕದಲ್ಲೇ ಇತ್ತು ಉತ್ತರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯೋಚಿಸಿದಾಗ ತಲೆಗೆ ಹೊಳೆಯಿತು. ಮನೆಗೆ ಬಂದು ಹಾಲಿನ ಪುಸ್ತಕ ತೆರೆದೆ. ಮಕ್ಕಳನ್ನು ಬೆಳಿಗ್ಗೆ ಮಳೆಯಲ್ಲಿ ಶಾಲೆಗೆ ಬಿಟ್ಟ ದಿನಗಳಲ್ಲಷ್ಟೇ ಕೂಲೆಂಟ್ ಇಳಿದಿತ್ತು. ಅಂದರೆ ಗಾಜಿನ ಮಂಜು ಬಿಡಿಸಲು ಹೀಟರ್ ಹಾಕಿದ ದಿನಗಳು. ಮಧ್ಯಾಹ್ನ ಸಂತೆಗೆ ಹೋಗಿ ಬಂದ ದಿನ ಗೆರೆ ಅಲ್ಲೇ ಇತ್ತು. ಬೇಸಿಗೆಯಲ್ಲಿ ಹೀಟರ್ ಯಾರು ಹಾಕುತ್ತಾರೆ? ಹೊಸ ರೇಡಿಯೇಟರಿಗೆ ಸಿಕ್ಕ ಹೆಸರು ಬಿಸಿಲಿಗೆ ಸಲ್ಲಬೇಕಿತ್ತು.

ಈ ಸಲ ಬೇರೆ ಗ್ಯಾರೇಜು. ಅಲ್ಲಿನ ಹುಡುಗ ‘ಹೇಳಿ ಅಕ್ಕಾ’ ಎಂದು ಪೂರ್ತಿ ಕೇಳಿಸಿಕೊಂಡ, ಅದೇ ದೊಡ್ಡದು. ಸೈಕಲ್ ಪಂಪಿನಂಥ ಒಂದು ಕೈಪಂಪನ್ನು ರೇಡಿಯೇಟರ್ ಬಾಯಿಗೆ ಸಿಕ್ಕಿಸಿ ಮುಚ್ಚಳದ ಮೇಲೆ ಬರೆದಿದ್ದಷ್ಟು ಒತ್ತಡ ಕೊಟ್ಟ. ಹತ್ತು ನಿಮಿಷವಾದರೂ ಮುಳ್ಳು ಅಲ್ಲಾಡಲಿಲ್ಲ. ‘ಲೀಕ್ ಇಲ್ಲ ಅಕ್ಕಾ’ ಅಂದ. ‘ಹೀಟರ್ ಲಿವರ್ ಬಿಸಿ ಕಡೆಗೆ ತಿರುಗಿಸಿ ನೋಡಪ್ಪ’ ಅಂದೆ. ತಿರುಗಿಸಿದ. ಮುಳ್ಳು ಸರಸರನೆ ಇಳಿಯಿತು! ನಮ್ಮ ಕಾರಿನಲ್ಲಿ ಲಿವರ್ ತಿರುಗಿಸಿದಾಗ ಮಾತ್ರ ಎಂಜಿನ್ನಿನ ಬಿಸಿನೀರು ಹೀಟರಿಗೆ ಹರಿಯುತ್ತದೆ. ಡ್ಯಾಶ್‌ಬೋರ್ಡಿನ ಒಳಗಿದ್ದ ಹೀಟರ್ ಕೋರ್ ತೂತಾಗಿತ್ತು. ಕೂಲೆಂಟ್ ನೆಲಕ್ಕಲ್ಲ, ಕಾರಿನೊಳಗೇ ಸೋರಿ ಮ್ಯಾಟಿನಡಿಯ ಕಾರ್ಪೆಟ್ಟಿಗೆ ಇಳಿಯುತ್ತಿತ್ತು. ನನ್ನ ಕೊಡೆಯ ಮೇಲಿದ್ದ ಅಪವಾದ ಅವತ್ತು ತೊಲಗಿತು.

ನಿಮ್ಮ ಕಾರಿನಲ್ಲೂ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ದುಡ್ಡು ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ. ಬಾಟಲಿಗೆ ಗೆರೆ, ಕೆಳಗೆ ರಟ್ಟು. ಮುಂದಿನ ಎರಡೂ ಮ್ಯಾಟ್ ಎತ್ತಿ ಕೈಯಾಡಿಸಿ. ಮಳೆನೀರಾದರೆ ಜಾರುವುದಿಲ್ಲ, ಕೂಲೆಂಟ್ ಜಾರುತ್ತದೆ, ಬಣ್ಣವೂ ಇರುತ್ತದೆ. ಎ.ಸಿ. ಹಾಕಿದಾಗ ಕಾರಿನಡಿ ತೊಟ್ಟಿಕ್ಕುವ ತಿಳಿನೀರಿಗೆ ಹೆದರಬೇಕಿಲ್ಲ. ಹೋಸ್ ಪೈಪಿನ ಕ್ಲಿಪ್ ಬಳಿ ಬಿಳಿ ಇಲ್ಲವೇ ಹಸಿರು ಪುಡಿ ಕಟ್ಟಿದ್ದರೆ ಅಲ್ಲಿ ಸೋರಿ ಬಿಸಿಗೆ ಆವಿಯಾಗುತ್ತಿದೆ ಎಂದರ್ಥ, ಹನಿ ನೆಲ ಮುಟ್ಟುವುದೇ ಇಲ್ಲ. ವಾಟರ್ ಪಂಪಿನ ಕೆಳಗೊಂದು ಸಣ್ಣ ರಂಧ್ರವಿರುತ್ತದೆ, ಅಲ್ಲಿ ಒದ್ದೆಯಿದ್ದರೆ ಪಂಪಿನ ಸೀಲ್ ಹೋಗಿದೆ. ಎಂಜಿನ್ ಆಯಿಲ್ ನೋಡುವ ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಕಾರು ಚಾಲೂ ಮಾಡಲೇಬೇಡಿ, ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲ್‌ಗೆ ಸೇರಿರಬಹುದು. ಆದರೆ ನಮ್ಮಂಥ ಥಂಡಿ ಊರಿನಲ್ಲಿ ಬರೀ ಆಯಿಲ್ ಮುಚ್ಚಳದ ಒಳಗೆ ತುಸು ನೊರೆ ಕಂಡರೆ ಅದು ಹೊರಗಿನ ತೇವವೂ ಆಗಿರಬಹುದು. ಕಡ್ಡಿ ನೋಡಿಯೇ ನಿರ್ಧರಿಸಿ.

ರೇಡಿಯೇಟರಿಗೆ ಅರಿಶಿನಪುಡಿ ಹಾಕಿದರೆ ತೂತು ಮುಚ್ಚುತ್ತದೆ ಎಂದು ನನಗೂ ಇಬ್ಬರು ಹೇಳಿದ್ದರು. ತೂತಿನ ಜೊತೆ ಒಳ್ಳೆಯ ಸಣ್ಣ ನಾಳಗಳೂ ಕಟ್ಟಿಕೊಳ್ಳುತ್ತವೆ. ಅರಿಶಿನ ಸಾರಿಗಿರಲಿ. ದಾರಿಯಲ್ಲಿ ಸಿಕ್ಕಿಬಿದ್ದಾಗ ಯಾವ ನೀರಾದರೂ ಸರಿ, ಮನೆಗೆ ಬಂದ ಮೇಲೆ ಅದನ್ನು ತೆಗೆಸಿ ಸರಿಯಾದ ಕೂಲೆಂಟ್ ಹಾಕಿಸಿ. ಬೋರ್‌ವೆಲ್ ನೀರು ಒಳಗೆ ಗಸಿ ಕಟ್ಟುತ್ತದೆ.

ಇನ್ನೊಂದು ಮಾತು, ಇದು ಕಾರಿಗಿಂತ ಮುಖ್ಯ. ಸಾಮಾನ್ಯವಾಗಿ ಕೂಲೆಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಮಕ್ಕಳು ಸಿಹಿಗೆ ಮರುಳಾಗುತ್ತಾರೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಕಿಡ್ನಿ ಕೆಡುತ್ತದೆ, ಮೊದಲ ಕೆಲವು ಗಂಟೆ ಏನೂ ಆಗದಂತೆಯೂ ಇರಬಹುದು. ಲಕ್ಷಣಕ್ಕೆ ಕಾಯದೆ ಡಬ್ಬದ ಸಮೇತ ಆಸ್ಪತ್ರೆಗೆ ಓಡಿ. ಉಳಿದ ಕೂಲೆಂಟನ್ನು ತಂಪುಪಾನೀಯದ ಬಾಟಲಿಗೆ ತುಂಬಿಡುವ ನಮ್ಮ ಜಾಣತನ ಇಲ್ಲಿ ಬೇಡವೇ ಬೇಡ. ನಮ್ಮ ಕರಿಯ ನಾಯಿ ಆ ಒದ್ದೆ ಮ್ಯಾಟನ್ನು ಮೂಸುತ್ತಾ ನಿಂತಿದ್ದನ್ನು ಒಮ್ಮೆ ಕಂಡಿದ್ದೆ. ಈಗ ನೆನೆದರೆ ಮೈ ಜುಂ ಅನ್ನುತ್ತದೆ.

ಹೊಸ ಹೀಟರ್ ಕೋರ್ ಹಾಸನದಿಂದ ಬರಲು ಹದಿನೈದು ದಿನ ಹಿಡಿಯಿತು. ಅಲ್ಲಿಯವರೆಗೆ ಹುಡುಗ ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಒಂದಕ್ಕೊಂದು ಸೇರಿಸಿ ಹೀಟರನ್ನೇ ದಾರಿಯಿಂದ ತಪ್ಪಿಸಿಕೊಟ್ಟ. ಬಾಟಲಿಯ ಗೆರೆ ಇಳಿಯಲಿಲ್ಲ. ಗಾಜಿನ ಮಂಜಿಗೆ ಕಿಟಕಿ ಎರಡು ಬೆರಳು ಇಳಿಸಿ, ಹಳೆಯ ಪಂಚೆ ತುಂಡು ಕೈಯಲ್ಲಿ ಹಿಡಿದು ಓಡಿಸಿದೆ. ಕೋರ್ ಹಾಕಲು ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಒಂದು ಇಡೀ ದಿನದ ಕೆಲಸ. ಕಾರ್ಪೆಟ್ಟನ್ನು ಕಿತ್ತು ಸೋಪು ಹಾಕಿ ಮೂರು ಸಲ ತೊಳೆದು, ಬಚ್ಚಲ ಒಲೆಯ ಹತ್ತಿರ ಒಣಗಿಸಿದೆ. ಅತ್ತೆ ಕಾರು ಹತ್ತಿ ಎರಡು ಸಲ ಮೂಸಿ ನೋಡಿ, ‘ಈಗ ಇಲ್ಲ’ ಅಂದರು.